ಕುಂಕುಮಕ್ಕೆ ಬಿಟ್ಟ ಜಾಗ

ಚೆಂಡುಹೂವಿನ ವಾಸನೆಯನ್ನು ಪರಿಮಳ ಅನ್ನುವವರು ಆ ಹೊಲದಲ್ಲಿ ಅರ್ಧ ಗಂಟೆಯೂ ನಿಂತವರಲ್ಲ. ಅದು ಒಗರು ವಾಸನೆ. ಬೆರಳಿಗೆ ಹತ್ತಿಕೊಂಡರೆ ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ, ಮಾರನೆಯ ದಿನ ತುತ್ತು ಬಾಯಿಗಿಡುವಾಗ ಮೂಗಿಗೆ ಹೊಡೆಯುತ್ತದೆ. ಕಳೆದ ತಿಂಗಳು ಗುಂಡ್ಲುಪೇಟೆಯಲ್ಲಿ ತಮ್ಮನ ಮಗಳ ಗೃಹಪ್ರವೇಶವಿತ್ತು. ಚಾಮರಾಜನಗರದಿಂದ ಬಸ್ಸಿನಲ್ಲಿ ಹೊರಟಿದ್ದೆ. ತೆರಕಣಾಂಬಿ ದಾಟಿದ ಮೇಲೆ ಕಿಟಕಿಯಿಂದ ಆ ವಾಸನೆ ನುಗ್ಗಿತು. ಎರಡೂ ಕಡೆ ಹಳದಿ, ಕಿತ್ತಳೆ. ಕೇರಳದ ಕಾರುಗಳನ್ನು ರಸ್ತೆಬದಿಗೆ ನಿಲ್ಲಿಸಿಕೊಂಡು ಜನ ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ನಗು ಬಂತು. ಹತ್ತು ವರ್ಷದ ಹಿಂದೆ ನಾನೂ ಇದೇ ಹೊಲಗಳ ನಡುವೆ ಫೋಟೊ ತೆಗೆಯುತ್ತ ಒಂದು ಇಡೀ ಮಳೆಗಾಲ ಕಳೆದಿದ್ದೆ. ನಾನು ತೆಗೆದದ್ದು ಹೂವಿನದಲ್ಲ, ಮುದುಕರ ಕಣ್ಣಿನ ಒಳಗಿನದು.

ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಗೃಹಪ್ರವೇಶದ ಊಟ ತಪ್ಪಿದರೆ ಬೈಸಿಕೊಳ್ಳುವವಳು ನಾನೇ ತಾನೆ, ಬೈಸಿಕೊಂಡರಾಯಿತು ಅಂದುಕೊಂಡೆ. ಅಲ್ಲಿಂದ ಒಂದು ಮೈಲಿ ಒಳಗೆ, ಆಗ ನಾನು ಮನೆ ಮನೆ ಸುತ್ತಿದ್ದ ಊರು. ನಡೆಯುತ್ತ ಹೋದಂತೆ ಆ ಮಳೆಗಾಲ ನನ್ನ ಜೊತೆ ನಡೆದು ಬಂತು.

ನಾನು ಕುದೇರಿನವಳು. ಅಪ್ಪ ಅವ್ವ ಇಬ್ಬರೂ ಹೊಲದ ಕೆಲಸದವರು. ನಾನು ಹೇಗೋ ಓದಿ ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಟೆಕ್ನಿಷಿಯನ್ ಆದೆ. ಮೊದಲು ಕನ್ನಡಕದ ನಂಬರು ನೋಡುವ ಕೆಲಸ, ಆಮೇಲೆ ಕಣ್ಣಿನ ಫೋಟೊ ತೆಗೆಯುವ ಮಷೀನಿನ ಕೆಲಸ. ಅಲ್ಲಿ ರೆಟಿನಾ ನೋಡುವ ಡಾಕ್ಟರ್ ವಸುಂಧರಾ ಅಂತ ಒಬ್ಬರಿದ್ದರು. ಸಣ್ಣ ಆಳು, ಸಣ್ಣ ದನಿ, ಹಠ ಮಾತ್ರ ದೊಡ್ಡದು. ಅವರು ವಯಸ್ಸಾದವರ ರೆಟಿನಾ ಕಾಯಿಲೆಯ ಮೇಲೆ ಒಂದು ಸಂಶೋಧನೆ ಹಿಡಿದಿದ್ದರು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಿಗೆ ಮಷೀನನ್ನು ವ್ಯಾನಿನಲ್ಲಿ ಹೊತ್ತು ಹೋಗಬೇಕು, ಅಲ್ಲಿನ ಭಾಷೆ ಬರುವವರು ಬೇಕು ಅಂದಾಗ ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಮೈಸೂರಿನಲ್ಲಿ ಮನೆ ಮಾಡಿ ನಾಲ್ಕು ವರ್ಷವಾಗಿತ್ತು, ಮತ್ತೆ ಆ ಧೂಳಿಗೆ ಹೋಗಬೇಕಲ್ಲ ಅಂತ ನಾನು ಮುಖ ಊದಿಸಿಕೊಂಡೇ ಹೊರಟೆ.

ಆ ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಕಣ್ಣಿನ ಹಿಂದಿನ ಪರದೆಯ ನಟ್ಟನಡುವೆ ಸಾಸಿವೆಕಾಳಿನಷ್ಟು ಜಾಗವಿದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಕೂತವರ ಮುಖ ಗುರುತು ಹಿಡಿಯುವುದು ಎಲ್ಲ ಆ ಜಾಗದ ಕೆಲಸ. ವಯಸ್ಸಾದಂತೆ ಕೆಲವರಿಗೆ ಅದರ ತಳದಲ್ಲಿ ಹಳದಿ ಚುಕ್ಕೆಗಳು ಕೂರುತ್ತವೆ. ಬಹಳ ಜನಕ್ಕೆ ಅದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಆ ತಳದಲ್ಲಿ ಬೇಡದ ರಕ್ತನಾಳ ಹುಟ್ಟಿ ಸೋರಲು ಶುರುವಾಗುತ್ತದೆ. ಸೋರಿದರೆ ಕೆಲವೇ ವಾರಗಳಲ್ಲಿ ನಡುವಿನ ನೋಟ ಹೋಗುತ್ತದೆ, ಸುತ್ತಲಿನದು ಮಾತ್ರ ಉಳಿಯುತ್ತದೆ. ಬೇಗ ಗೊತ್ತಾದರೆ ಇಂಜೆಕ್ಷನ್ ಇದೆ. ತಡವಾದರೆ ಅಲ್ಲಿ ಕಲೆ ಕಟ್ಟಿಬಿಡುತ್ತದೆ, ಮತ್ತೆ ಏನೂ ಮಾಡಲಾಗುವುದಿಲ್ಲ. ಯಾರಿಗೆ ಸೋರುತ್ತದೆ, ಯಾವಾಗ ಸೋರುತ್ತದೆ, ಚಿತ್ರ ನೋಡಿ ಮೊದಲೇ ಹೇಳಲು ಆಗುತ್ತದೆಯೇ? ಇದು ಡಾಕ್ಟರ ಪ್ರಶ್ನೆ. ಅದಕ್ಕೆ ಅದೇ ಜನರ ಅದೇ ಕಣ್ಣನ್ನು ಎರಡು ತಿಂಗಳಿಗೊಮ್ಮೆ ಫೋಟೊ ತೆಗೆಯಬೇಕಿತ್ತು.

ಇನ್ನೊಂದು ವಿಷಯ ಇದೆ, ಅದನ್ನು ನಾನು ಆಗ ಯಾರಿಗೂ ಹೇಳಿರಲಿಲ್ಲ. ಅವ್ವ ಸಾಯುವ ಮೊದಲಿನ ಎರಡು ವರ್ಷ, ನಾನು ಊರಿಗೆ ಹೋಗಿ ಮಾತಾಡಿಸಿದರೆ ಮುಖ ಓರೆ ಮಾಡಿಕೊಂಡು ನನ್ನ ಕಿವಿಯ ಕಡೆ ನೋಡುತ್ತಿದ್ದಳು. ಮುನಿಸು ಅಂದುಕೊಂಡಿದ್ದೆ. ‘ಮೊಗ ನೋಡಿ ಮಾತಾಡವ್ವ’ ಅಂತ ಗದರಿಕೊಂಡಿದ್ದೆ ಕೂಡ. ಆಗ ನಾನು ಕನ್ನಡಕದ ನಂಬರು ನೋಡುವವಳು. ರೆಟಿನಾ ಕೆಲಸಕ್ಕೆ ಬಂದ ಮೇಲೆ ಗೊತ್ತಾಯಿತು, ಓರೆಯಾಗಿ ನೋಡಿದರೆ ಮಾತ್ರ ಅವಳಿಗೆ ನನ್ನ ಮುಖ ಕಾಣುತ್ತಿತ್ತು ಅಂತ. ಅವ್ವ ಹೋಗಿ ಆಗಲೇ ವರ್ಷವಾಗಿತ್ತು.

ಯುಗಾದಿ ಕಳೆದ ಮೇಲೆ ಕೆಲಸ ಶುರುವಾಯಿತು. ಚಂದಕವಾಡಿ, ಉಡಿಗಾಲ, ಆಮೇಲೆ ಗುಂಡ್ಲುಪೇಟೆ ಕಡೆಯ ಹಳ್ಳಿಗಳು. ಊರಿನ ಹಾಲಿನ ಡೇರಿ ಮುಂದೆ ವ್ಯಾನು ನಿಲ್ಲಿಸಿ ಡೇರಿಯಿಂದ ಕರೆಂಟು ಎಳೆದುಕೊಳ್ಳುತ್ತಿದ್ದೆವು. ಬೆಳಿಗ್ಗೆ ಹಾಲು ಹಾಕಲು ಬಂದ ಮುದುಕರನ್ನು ಹಿಡಿದು ಕೂರಿಸಿ ಕಣ್ಣಿಗೆ ಔಷಧಿ ಬಿಡುವುದು. ಪಾಪೆ ಅಗಲವಾದ ಮೇಲೆ ಬಿಸಿಲು ನೋಡಲಾಗದೆ ಅವರೆಲ್ಲ ಹೊಂಗೆ ಮರದ ಕೆಳಗೆ ತಲೆಗೆ ಟವೆಲು ಹೊದ್ದು ಕೂತು ನನ್ನನ್ನು ಶಪಿಸುತ್ತಿದ್ದರು. ಒಬ್ಬೊಬ್ಬರಾಗಿ ಕರೆದು ಗಲ್ಲ ಇಲ್ಲಿ, ಹಣೆ ಇಲ್ಲಿ, ಹಸಿರು ದೀಪ ನೋಡಿ, ಅಲುಗಬೇಡಿ ಅಂತ ಗಂಟಲು ಹರಿದುಕೊಳ್ಳುತ್ತಿದ್ದೆ. ಹಣೆ ಒರಗಿಸುವ ಪಟ್ಟಿಗೆ ಸಾಯಂಕಾಲದ ಹೊತ್ತಿಗೆ ವಿಭೂತಿ ಕುಂಕುಮ ಎಲ್ಲ ಮೆತ್ತಿರುತ್ತಿತ್ತು. ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ, ‘ಕಣ್ ಮೇಡಮ್ಮು’ ಅಂತಲೇ ಆಗಿಹೋದೆ.

ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಚಾಮರಾಜನಗರದಲ್ಲಿ ನಮಗೊಂದು ಬಾಡಿಗೆ ಕೋಣೆ ಇತ್ತು. ಅಲ್ಲಿ ಕೂತು ಒಂದೊಂದೇ ಚಿತ್ರ ತೆರೆಯುತ್ತಿದ್ದರು. ತೆರೆಯುವ ಮೊದಲು ಆ ಮನುಷ್ಯರ ಹೆಸರನ್ನು ಜೋರಾಗಿ ಓದುವುದು ಅವರ ಅಭ್ಯಾಸ. ‘ಸಿದ್ದಪ್ಪ, ಉಡಿಗಾಲ, ಎಡಗಣ್ಣು’ ಅಂತ, ಮೇಷ್ಟ್ರು ಹಾಜರಿ ಕೂಗುವ ಹಾಗೆ. ಪಟ್ಟಿಯಲ್ಲಿ ಎಲ್ಲರಿಗೂ ನಂಬರು ಕೊಟ್ಟಿದ್ದೆವು, ಆದರೆ ಅವರ ಬಾಯಲ್ಲಿ ಒಂದು ದಿನವೂ ನಂಬರು ಬಂದದ್ದು ನಾನು ಕೇಳಲಿಲ್ಲ. ಚಿತ್ರ ಒಂದು ಕೂದಲು ಆಚೀಚೆಯಾದರೂ ‘ಅದೇ ಜಾಗ ಅಲ್ಲ ಇದು’ ಅಂತ ವಾಪಸು ಕಳಿಸುತ್ತಿದ್ದರು. ನಾನು ಗೊಣಗುತ್ತ ಮತ್ತೆ ಆ ಊರಿಗೆ ಹೋಗಿ ಆ ಮುದುಕರನ್ನು ಕಾಡಿ ಬೇಡಿ ಮತ್ತೆ ತೆಗೆಯುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಅವರಷ್ಟು ಸಲೀಸಾಗಿ ಹೇಳುವ ಡಾಕ್ಟರನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ದೊಡ್ಡತಾಯಮ್ಮ ಸಿಕ್ಕಿದ್ದು, ನಾನೀಗ ಬಸ್ಸಿಳಿದು ನಡೆದು ಹೊರಟಿದ್ದ ಈ ಊರಿನ ಮೊದಲ ಕ್ಯಾಂಪಿನಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಕಡ್ಡಿಯಂಥ ಮೈ, ಕಿವಿ ತುಂಬ ಓಲೆ. ಗಂಡ ಇಲ್ಲ. ಮಗ, ಸೊಸೆ ಮಂಜುಳ, ರಸ್ತೆ ಪಕ್ಕ ಒಂದೂವರೆ ಎಕರೆ ಹೊಲ. ಹೂ ಬಿಡಿಸುವ ಕಾಲದಲ್ಲಿ ಊರಿನ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ. ಎಡಗಣ್ಣಿನ ನಡುವೆ ಆಗಲೇ ಕಲೆ ಕಟ್ಟಿತ್ತು. ಯಾವಾಗಿನಿಂದ ಹೀಗೆ ಅಂದರೆ, ಹುರುಳಿ ಬಡಿಯುವಾಗ ಹೊಟ್ಟು ಬಿದ್ದಿತ್ತು, ಅವತ್ತಿಂದ ಅಂದಳು. ಹೊಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬಲಗಣ್ಣಿನ ತಳದಲ್ಲಿ ಹಳದಿ ಚುಕ್ಕೆ ತುಂಬಿದ್ದವು, ಆದರೆ ನೋಟ ಚೆನ್ನಾಗಿತ್ತು. ಅವಳಿಗೆ ಉಳಿದಿದ್ದು ಅದೊಂದೇ ಕಣ್ಣು.

ಫೋಟೊ ತೆಗೆದು ಮುಗಿದ ಮೇಲೆ ಎಲ್ಲರ ಹಾಗೆ ಎದ್ದು ಹೋಗದೆ ಡಾಕ್ಟರ ಎದುರು ನಿಂತಳು.

“ನೀವು ನೋಡ್ಕಂಡು ಓಯ್ತೀರಿ, ಬರ್ಕಂಡು ಓಯ್ತೀರಿ. ನಮ್ಗೇನು ಬುಟ್ಟೋಯ್ತೀರಿ ಡಾಕ್ಟ್ರವ್ವ?”

ನನಗೆ ಸಿಟ್ಟು ಬಂತು. ಪುಕ್ಕಟೆ ಕಣ್ಣು ನೋಡಿಸಿಕೊಂಡು ಇದೇನು ಮಾತು ಅನ್ನಿಸಿತು. ಡಾಕ್ಟರಿಗೆ ಸಿಟ್ಟು ಬರಲಿಲ್ಲ. ನೀವು ಕೇಳಿದ್ದು ಸರಿ, ಈ ಕೆಲಸದಲ್ಲಿ ನಾವು ನೋಡುತ್ತೇವೆ ಅಷ್ಟೇ, ಔಷಧಿ ಕೊಡುವುದಿಲ್ಲ ಅಂದರು. ಮುಂದಿನ ವಾರ ಬರುವಾಗ ಒಂದು ಕಟ್ಟು ಹಾಳೆ ತಂದರು. ಅದರ ಮೇಲೆ ಅಡ್ಡ ಉದ್ದ ಗೆರೆ ಎಳೆದು ಚೌಕ ಮಾಡಿ, ನಡುವೆ ಒಂದು ಚುಕ್ಕೆ ಇಟ್ಟಿತ್ತು. ದಿನಾ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಿಂದ ಆ ಚುಕ್ಕೆ ನೋಡಬೇಕು. ಗೆರೆ ಡೊಂಕಾಗಿ ಕಂಡರೆ, ಅಳಿಸಿದ ಹಾಗೆ ಕಂಡರೆ, ಕಣ್ಣಿನೊಳಗೆ ಸೋರಲು ಶುರುವಾಗಿದೆ ಅಂತ ಅರ್ಥ. ಆಸ್ಪತ್ರೆಗಳಲ್ಲಿ ಇದು ಹಳೆಯ ಉಪಾಯ. ಕಣ್ಣಿನ ತಳದಲ್ಲಿ ಹಳದಿ ಚುಕ್ಕೆ ಇರುವ ಪ್ರತಿಯೊಬ್ಬರ ಮನೆಗೂ ಹೋಗಿ ಕೊಟ್ಟು ತಿಳಿಸಿ ಬನ್ನಿ ಅಂತ ನನಗೆ ಹೇಳಿದರು.

ನಾನು ತಿಳಿಸಿದ್ದು ಹೇಗೆ ಗೊತ್ತೇ? ಒಂದು ದಿನಕ್ಕೆ ಇಪ್ಪತ್ತು ಮನೆ ಸುತ್ತಿ, ಹಾಳೆ ಕೈಗಿಟ್ಟು, ‘ದಿನಾ ನೋಡಿ, ಗೆರೆ ಡೊಂಕಾದರೆ ಒಳ್ಳೇದಲ್ಲ’ ಅಂತ ಹೇಳಿ ಮುಂದಿನ ಬಾಗಿಲಿಗೆ ಓಡಿದೆ. ಅಷ್ಟೇ. ಈಗಲೂ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಜ್ಯೇಷ್ಠದಲ್ಲಿ ಎರಡನೇ ಸುತ್ತಿನ ಫೋಟೊಕ್ಕೆ ಬಂದಾಗ, ಹಾಳೆ ಏನಾಯಿತು ನೋಡೋಣ ಅಂತ ಮನೆ ಮನೆ ಹೊಕ್ಕೆ. ಒಂದು ಮನೆಯಲ್ಲಿ ಅದನ್ನು ಮಡಿಸಿ ಮಡಿಸಿ ತಾಯತಕ್ಕೆ ತುಂಬಿಸಿ ಮೊಮ್ಮಗಳ ಕೊರಳಿಗೆ ಕಟ್ಟಿದ್ದರು. ಇನ್ನೊಂದರಲ್ಲಿ ಬಾಗಿಲ ಮೇಲೆ ನಿಂಬೆಹಣ್ಣಿನ ಪಕ್ಕ ನೇತಾಡುತ್ತಿತ್ತು. ದೊಡ್ಡತಾಯಮ್ಮನ ಮನೆಯಲ್ಲಿ ದೇವರ ಗೂಡಿನಲ್ಲಿ, ಮಾದಪ್ಪನ ಪಟದ ಪಕ್ಕ ನಿಂತಿತ್ತು. ನಾಲ್ಕು ಮೂಲೆಗೂ ಅರಿಸಿನ, ನಟ್ಟನಡುವಿನ ಚುಕ್ಕೆಯ ಮೇಲೆ ಕಾಸಗಲ ಕುಂಕುಮ. ಮಠದಲ್ಲಿ ಚೌಕ ಚೌಕ ಮನೆ ಕಟ್ಟಿ ಬರೆದುಕೊಡುತ್ತಾರಲ್ಲ, ಅಂಥ ಯಂತ್ರ ಅಂದುಕೊಂಡಿದ್ದರು ಎಲ್ಲರೂ. ಡಾಕ್ಟರು ಕಣ್ಣಿಗೆ ಯಂತ್ರ ಬರೆದುಕೊಟ್ಟಿದ್ದಾರೆ ಅಂತ ಊರಿಗೆ ಊರೇ ಮಾತಾಡಿಕೊಂಡಿತ್ತು.

ನಾನು ಕಿರುಚಾಡಿದೆ. ಇದು ಪೂಜೆಗೆ ಕೊಟ್ಟಿದ್ದಲ್ಲ, ಗೆರೆಯೇ ಕಾಣದ ಹಾಗೆ ಬಳಿದರೆ ನೋಡುವುದೇನನ್ನ ಅಂತ ಕೇಳಿದೆ. ಮಂಜುಳ ಹೆದರಿ ಅಡುಗೆಮನೆಗೆ ಸರಿದಳು. ದೊಡ್ಡತಾಯಮ್ಮ ಹೆದರಲಿಲ್ಲ. ದಿನಾ ನೋಡು ಅಂದವಳು ನೀನೇ, ದಿನಾ ತಪ್ಪದೆ ನೋಡುವ ಜಾಗ ಮನೆಯಲ್ಲಿ ಇರುವುದು ಇದೊಂದೇ, ಬೇರೆ ಎಲ್ಲಿಡಲಿ ಅಂತ ಮೆತ್ತಗೆ ಕೇಳಿದಳು. ಅವಳು ಹೇಳಿದ್ದು ಸರಿ ಅನ್ನಿಸಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅವತ್ತು ಸಂಜೆ ಕೋಣೆಗೆ ಬಂದು ಡಾಕ್ಟರ ಮುಂದೆ ಎಲ್ಲ ಒದರಿದೆ. ಈ ಜನಕ್ಕೆ ಏನು ಹೇಳಿಯೂ ಪ್ರಯೋಜನವಿಲ್ಲ ಅಂದೆ, ನಾನೂ ಆ ಜನರಲ್ಲೇ ಹುಟ್ಟಿದವಳು ಅನ್ನುವುದನ್ನು ಮರೆತು. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. “ದೀಪ ಹಚ್ಚೋದು ಎಷ್ಟು ಹೊತ್ತಿಗೆ?” ಅಂತ ಕೇಳಿದರು. ಬೆಳಿಗ್ಗೆ ಮುಖ ತೊಳೆದ ಕೂಡಲೇ ಅಂದೆ. ಒಂದು ದಿನವೂ ತಪ್ಪಿಸುವುದಿಲ್ಲವೇ ಅಂದರು. ಇಲ್ಲ ಅಂದೆ. ಮೈಸೂರಿನಲ್ಲಿ ಓದಿದವರ ಕೈಗೆ ಇದೇ ಹಾಳೆ ಕೊಡುತ್ತೇನೆ, ವಾರ ಕಳೆದರೆ ಎಲ್ಲಿಟ್ಟೆವು ಅಂತ ಅವರಿಗೇ ಗೊತ್ತಿರುವುದಿಲ್ಲ, ಇಲ್ಲಿ ದಿನಾ ದೀಪದ ಬೆಳಕಿನಲ್ಲಿ ನೋಡುತ್ತಾರಲ್ಲ ಅಂದರು.

ಮುಂದಿನ ವಾರ ಹೊಸ ಹಾಳೆ ಬಂತು. ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು, ಒರೆಸಿದರೆ ಅರಿಸಿನ ಹೋಗುವ ಹಾಗೆ. ಚೌಕಗಳ ಕೆಳಗೆ ಎರಡು ಬೆರಳಗಲ ಬಿಳಿ ಜಾಗ ಬಿಟ್ಟು, ಅದರ ನಡುವೆ ಸಣ್ಣದೊಂದು ಸುತ್ತು ಬರೆದಿತ್ತು. ಇದೇನು ಅಂತ ಕೇಳಿದೆ. ಕುಂಕುಮಕ್ಕೆ ಅಂದರು. ಅಷ್ಟು ಓದಿದ ಡಾಕ್ಟರು ಕೂತು ಕುಂಕುಮಕ್ಕೆ ಅಳತೆ ಮಾಡಿ ಜಾಗ ಬಿಟ್ಟಿದ್ದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು. ಅಲ್ಲಿಯವರೆಗೆ ಇದ್ದದ್ದು ಬರೀ ಭಯ.

ಕುಂಕುಮ ಇಲ್ಲಿ ಅಂತ ಮಾತ್ರ ತೋರಿಸಿ, ಹಳೆಯ ಹಾಳೆ ತೆಗೆದು ಹೊಸದನ್ನು ಮನೆ ಮನೆಗೂ ಕೊಟ್ಟು ಬಂದೆ. ಆಷಾಢದಲ್ಲಿ ಗಾಳಿ, ಸೋನೆ. ಹೊಲಗಳು ಮೊಗ್ಗಾಗಿ, ಹೂವಾಗಿ, ಶ್ರಾವಣದ ಹೊತ್ತಿಗೆ ಕಣ್ಣು ಕುಕ್ಕುವ ಹಳದಿಯಾದವು. ಹೂವಿನ ಮೂಟೆ ಹೊತ್ತ ಲಾರಿಗಳು, ಮಲಯಾಳದಲ್ಲಿ ಚೌಕಾಸಿ ಮಾಡುವ ವ್ಯಾಪಾರಿಗಳು, ಅವರಿಗೆ ಅದೇ ಭಾಷೆಯಲ್ಲಿ ಬೈಯುವ ನಮ್ಮ ಹೆಂಗಸರು. ಮೂರನೇ ಸುತ್ತಿನ ಫೋಟೊಕ್ಕೆ ಡೇರಿ ಮುಂದೆ ವ್ಯಾನು ನಿಲ್ಲಿಸಿದೆವು. ಎಲ್ಲರೂ ಬಂದರು. ದೊಡ್ಡತಾಯಮ್ಮ ಬರಲಿಲ್ಲ.

ಹೂ ಬಿಡಿಸುವ ಕೆಲಸ ಜೋರಿರಬೇಕು ಅಂದುಕೊಂಡೆ. ಮಧ್ಯಾಹ್ನವಾದರೂ ಸುಳಿವಿಲ್ಲ. ಮನೆಗೆ ಹೋದೆ. ಬಾಗಿಲಲ್ಲಿ ಮಂಜುಳ ಇದ್ದಳು. ಅತ್ತೆ ಹೊಲದಲ್ಲಿದ್ದಾರೆ ಅಂದಳು, ಆದರೆ ನನ್ನ ಮುಖ ನೋಡಲಿಲ್ಲ. ಏನೋ ಇದೆ ಅಂತ ಗೊತ್ತಾಯಿತು. ಒಳಗೆ ಇಣುಕಿದೆ. ದೇವರ ಗೂಡಿನಲ್ಲಿ ಆ ಹಾಳೆಯ ಮುಂದೆ ಮೂರು ಕಾಯಿ, ಹರಕೆಗೆ ಕಟ್ಟಿದ ಹಳದಿ ಬಟ್ಟೆಯ ಗಂಟು. ಕೇಳಿದೆ. ಮಂಜುಳ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, ಅತ್ತೆ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ ಅಂದಳು.

ಹೊಲಕ್ಕೆ ಓಡಿದೆ. ಸಾಲಿನ ನಡುವೆ ಏಳೆಂಟು ಹೆಂಗಸರು ಬಗ್ಗಿ ಹೂ ಕೀಳುತ್ತಿದ್ದರು. ದೊಡ್ಡತಾಯಮ್ಮ ಎಲ್ಲರಿಗಿಂತ ಹಿಂದೆ ಇದ್ದಳು. ಮೊದಲು ಗಿಡಕ್ಕೆ ಕೈ ಹಾಕಿ ತಡವಿ, ಆಮೇಲೆ ಹೂ ಕೀಳುತ್ತಿದ್ದಳು. ನಾನು ಕರೆದೆ. ತಿರುಗಿದಳು. ಮುಖ ಓರೆ ಮಾಡಿ ನನ್ನ ಕಿವಿಯ ಕಡೆ ನೋಡಿದಳು.

ಅವ್ವ ನೋಡುತ್ತಿದ್ದ ಹಾಗೇ.

ಕ್ಯಾಂಪಿಗೆ ಯಾಕೆ ಬರಲಿಲ್ಲ ಅಂದೆ. ಕೆಲಸ ಅಂದಳು. ಗೆರೆ ನೋಡುತ್ತಿದ್ದೀಯಾ ಅಂದೆ. ಊಂ, ನೆಟ್ಟಗದೆ ಅಂತ ಬಿರ್ರನೆ ಹೇಳಿ ಮತ್ತೆ ಗಿಡಕ್ಕೆ ಬಗ್ಗಿದಳು. ನಾನು ಅವಳೆದುರು ಕೂತು, ಎರಡು ಕೈಯಲ್ಲೂ ಅವಳ ಮುಖ ಹಿಡಿದು ನೆಟ್ಟಗೆ ನನ್ನ ಕಡೆ ತಿರುಗಿಸಿದೆ.

“ಅಜ್ಜಿ, ಬಿರ್ರನೆ ಯೋಳ್ಬ್ಯಾಡ. ನೋಡಿ ಯೋಳು. ನನ್ನ ಮೊಗ ಎಂಗದೆ?”

ಅವಳು ಬಹಳ ಹೊತ್ತು ನೋಡಿದಳು. ಕೈಯಲ್ಲಿದ್ದ ಹೂ ಕೆಳಗೆ ಬಿತ್ತು.

“ಮೂಗಿಲ್ಲ ಕಣಮ್ಮಿ. ನಿಂಗೆ ಮೂಗೂ ಇಲ್ಲ, ಬಾಯೂ ಇಲ್ಲ.”

ಒಂಬತ್ತು ದಿನದಿಂದ ಹೀಗೆ ಅಂದಳು. ಮೊದಲ ದಿನ ದೀಪ ಹಚ್ಚಿ ನೋಡಿದಾಗ ನಡುವಿನ ಎರಡು ಗೆರೆ ಹಾವಿನ ಹಾಗೆ ಬಳುಕಿದ್ದವು. ಡೊಂಕಾದರೆ ಒಳ್ಳೇದಲ್ಲ ಅಂತ ನಾನೇ ಹೇಳಿದ್ದೆನಲ್ಲ. ಮಾದಪ್ಪನ ಪಕ್ಕ ಇಟ್ಟಿದ್ದು ಡೊಂಕಾಗಿದೆ ಅಂದರೆ ಮಾದಪ್ಪನಿಗೆ ಮುನಿಸು. ಗಂಡ ಇದ್ದಾಗ ಮಾದಪ್ಪನ ಬೆಟ್ಟಕ್ಕೆ ನಡೆದು ಬರುತ್ತೇವೆ ಅಂತ ಹೊತ್ತ ಹರಕೆಯೊಂದು ಬಾಕಿ ಉಳಿದಿತ್ತು. ಅದಕ್ಕೇ ಇದು ಅಂದುಕೊಂಡಿದ್ದಳು. ಬರುವ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದರೆ ಗೆರೆ ನೆಟ್ಟಗಾಗುತ್ತವೆ, ಅಲ್ಲಿಯವರೆಗೆ ಬಾಯಿ ಬಿಡಬಾರದು. ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನ ಇತ್ತು.

ತಪ್ಪು ಅವಳದಲ್ಲ, ನನ್ನದು. ಒಳ್ಳೇದಲ್ಲ ಅಂದೆನೇ ಹೊರತು, ಯಾಕೆ ಒಳ್ಳೇದಲ್ಲ, ಡೊಂಕಾದ ದಿನ ಏನು ಮಾಡಬೇಕು ಅಂತ ಹೇಳಿರಲೇ ಇಲ್ಲ. ಒಂದು ಮನೆಯಲ್ಲಿ ಐದು ನಿಮಿಷ ಹೆಚ್ಚು ಕೂತಿದ್ದರೆ ಮುಗಿಯುತ್ತಿತ್ತು. ಅಲ್ಲೇ ಬದುವಿನ ಮೇಲೆ ಕೂತು ಡಾಕ್ಟರಿಗೆ ಫೋನು ಮಾಡಿದೆ. ಅವತ್ತು ಅವರು ಚಾಮರಾಜನಗರದ ಕೋಣೆಯಲ್ಲೇ ಇದ್ದರು. ಅಳುತ್ತ ಎಲ್ಲ ಹೇಳಿದೆ. ‘ಅಳು ಆಮೇಲೆ, ಮೊದಲು ಫೋಟೊ ತೆಗೆಯಿರಿ, ನಾನು ಹೊರಟೆ’ ಅಂದರು.

ದೊಡ್ಡತಾಯಮ್ಮ ವ್ಯಾನಿಗೆ ಬಂದಳು, ಆದರೆ ಬೆಟ್ಟಕ್ಕೆ ಹೋಗದೆ ಮೈಸೂರಿಗೆ ಬರುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಳು. ಮಗ ಬೇಡಿಕೊಂಡ, ಮಂಜುಳ ಅತ್ತಳು. ಮುನಿಸಿಕೊಂಡ ದೇವರನ್ನು ಬಿಟ್ಟು ಡಾಕ್ಟರ ಹತ್ತಿರ ಹೋದರೆ ಇನ್ನೂ ಮುನಿಯುತ್ತಾನೆ ಅನ್ನುವುದು ಅವಳ ಲೆಕ್ಕ. ಡಾಕ್ಟರು ಬಂದವರು ದೇವರ ಮಾತೆತ್ತಲಿಲ್ಲ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಓರೆ ನೋಟಕ್ಕೆ ಕಾಣುವ ಹಾಗೆ ಪರದೆಯನ್ನು ಬದಿಗೆ ಸರಿಸಿ, ಚಿತ್ರಗಳನ್ನು ದೊಡ್ಡದು ಮಾಡಿದರು. “ದೊಡ್ಡತಾಯಮ್ಮ, ಬಲಗಣ್ಣು” ಅಂತ ಹೆಸರು ಓದಿದರು. ಆ ಮಷೀನಿನ ಚಿತ್ರ ಬಾವಿ ತೋಡಿದಾಗ ಕಾಣುವ ಮಣ್ಣಿನ ಪದರಗಳ ಹಾಗಿರುತ್ತದೆ. ಯುಗಾದಿಯ ಚಿತ್ರದಲ್ಲಿ ಪದರಗಳು ಸಮವಾಗಿದ್ದವು. ಅವತ್ತಿನದರಲ್ಲಿ ತಳದಲ್ಲಿ ಕಪ್ಪಗೆ ನೀರು ನಿಂತು, ಮೇಲಿನ ಪದರ ಗುಡ್ಡೆಯಾಗಿ ಎದ್ದಿತ್ತು. ಡಾಕ್ಟರು ಬೆರಳಿಟ್ಟು ಇದು ನೀರು ಅಂದರು. ಈ ನೀರಿನಿಂದ ನೆಲ ಉಬ್ಬಿದೆ, ಉಬ್ಬಿದ ನೆಲದ ಮೇಲೆ ಗೆರೆ ಡೊಂಕಾಗಿ ಕಾಣುತ್ತಿದೆ ಅಂದರು.

ದೊಡ್ಡತಾಯಮ್ಮ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು.

“ಬುಡಕ್ಕೆ ನೀರು ನಿಂತದೆ.”

“ಹೌದಮ್ಮ.”

“ಹನ್ನೊಂದು ದಿನ ಬುಟ್ರೆ?”

“ಬೇರು ಕೊಳೆಯುತ್ತೆ” ಅಂದರು ಡಾಕ್ಟರು. ಅವರು ಮೈಸೂರಿನಲ್ಲಿ ಹುಟ್ಟಿ ಬೆಳೆದವರು. ಆ ಮಾತನ್ನು ಎಲ್ಲಿಂದ ಹೆಕ್ಕಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಬಹುಶಃ ದಾರಿಯುದ್ದಕ್ಕೂ ಹೊಲ ನೋಡಿಕೊಂಡು ಬಂದಿರಬೇಕು.

ಅಜ್ಜಿ ಎದ್ದು ನಿಂತಳು. ಹೂವಿನ ಹೊಲದಲ್ಲಿ ಬುಡಕ್ಕೆ ನೀರು ನಿಂತರೆ ಅವಳು ಯಾವ ಅಮಾವಾಸ್ಯೆಗೂ ಕಾದವಳಲ್ಲ.

“ಅಂಗಾದ್ರೆ ಬಸಿಗಾಲ್ವೆ ತೆಗೀರಿ. ನಡೀರಿ ಓಗನ. ಮಾದಪ್ಪಂಗೆ ನಾನು ಆಮೇಕೆ ಯೋಳ್ಕತೀನಿ.”

ಮಾರನೆಯ ಬೆಳಿಗ್ಗೆ ಮೈಸೂರಿನಲ್ಲಿ ಕಣ್ಣಿಗೆ ಇಂಜೆಕ್ಷನ್ ಆಯಿತು. ಕಣ್ಣಿಗೇ ಸೂಜಿಯಾ ಅಂತ ಒಂದೇ ಸಲ ಕೇಳಿದಳು, ಹೌದು ಅಂದೆ. ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು ಅಷ್ಟೇ. ಹೂವಿನ ಒಗರು ಆ ಕೈಯಿಂದ ನನ್ನ ಕೈಗೆ ಹತ್ತಿತು. ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಆದವು, ಆಮೇಲೆ ಇನ್ನೂ ಕೆಲವು. ಗೌರಿ ಹಬ್ಬದ ಹೊತ್ತಿಗೆ ನನ್ನ ಮೂಗು ವಾಪಸು ಬಂತು, ದಸರಾ ಹೊತ್ತಿಗೆ ಬಾಯಿ. ಮೂಗು ಸ್ವಲ್ಪ ಸೊಟ್ಟ ಅಂದಳು. ಅದು ಹುಟ್ಟಿದಾಗಿನಿಂದ ಸೊಟ್ಟ ಅಂದೆ. ನಡುವೆ ಒಂದೇ ಒಂದು ಗೆರೆ ಮಾತ್ರ ಸಣ್ಣಗೆ ಬಾಗಿ ಹಾಗೇ ಉಳಿಯಿತು.

ಡಾಕ್ಟರು ಜ್ಯೇಷ್ಠದ ಚಿತ್ರವನ್ನು ಮತ್ತೆ ತೆರೆದು ಕೂತರು, ಒಂದು ವಾರ. ಕೊನೆಗೆ ನನ್ನನ್ನು ಕರೆದು ಒಂದು ಮೂಲೆ ತೋರಿಸಿದರು. ಕೂದಲಿನಷ್ಟು ಪದರ ಮೇಲೆದ್ದಿತ್ತು. ‘ಇದು ಆಗಲೇ ಇತ್ತು. ನಾನೇ ನೋಡಿದ್ದೆ, ಏನೂ ಅಲ್ಲ ಅಂದುಕೊಂಡೆ’ ಅಂದರು. ಅವರ ಕಣ್ಣು ತುಂಬಿತ್ತು. ನಾನು ನನ್ನ ತಪ್ಪು ಹೇಳಿಕೊಂಡು ಅಳುವುದು ಸುಲಭ, ನಾನು ಬರೀ ಟೆಕ್ನಿಷಿಯನ್. ಅವರು ಆ ಚಿತ್ರವನ್ನು ತಮ್ಮ ಹೆಸರಿನೊಂದಿಗೆ, ‘ನಾನು ಗುರುತಿಸಲಿಲ್ಲ’ ಅಂತ ಬರೆದು ಎಲ್ಲ ಡಾಕ್ಟರಿಗೂ ತೋರಿಸಿದರು. ಅಂಥ ಇನ್ನೊಂದು ಸಿಕ್ಕರೆ ಯಾರೂ ಬಿಡಬಾರದು ಅನ್ನುವುದಷ್ಟೇ ಅವರಿಗೆ ಬೇಕಾಗಿತ್ತು.

ನಾನು ಮತ್ತೆ ಮನೆ ಮನೆ ಸುತ್ತಿದೆ, ಈ ಸಲ ದಿನಕ್ಕೆ ನಾಲ್ಕೇ ಮನೆ. ಜೊತೆಗೆ ದೊಡ್ಡತಾಯಮ್ಮ ಬಂದಳು, ನಾನು ಕರೆಯಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವಳು ಜಗಲಿಯ ಮೇಲೆ ಕೂತು ಶುರುಮಾಡುತ್ತಿದ್ದಳು. ಡೊಂಕಾದರೆ ದೇವರ ಮುನಿಸಲ್ಲ, ಬುಡಕ್ಕೆ ನೀರು ನಿಂತಿದೆ ಅಂತ. ಅವತ್ತೇ ಕಣ್ ಮೇಡಮ್ಮಿಗೆ ಫೋನು ಮಾಡಬೇಕು. ಮುಚ್ಚಿಟ್ಟರೆ ನನ್ನ ಎಡಗಣ್ಣು ನೋಡಿ, ಹೀಗಾಗುತ್ತೆ ಅನ್ನುತ್ತಿದ್ದಳು. ನನ್ನ ಬಾಯಲ್ಲಿ ಬರುತ್ತಿದ್ದ ವಿವರಣೆ ಅದರ ಮುಂದೆ ಸಪ್ಪೆ. ಅಮಾವಾಸ್ಯೆಗೆ ತಪ್ಪಿದ್ದ ಬೆಟ್ಟಕ್ಕೆ ಅವಳು ಕಾರ್ತಿಕದಲ್ಲಿ ಹೋಗಿ ಬಂದಳು. ಬರುವಾಗ ನನಗೂ ಡಾಕ್ಟರಿಗೂ ಪ್ರಸಾದ ತಂದಳು.

ಆ ವರ್ಷ ಮುಗಿದ ಮೇಲೆ ವ್ಯಾನು ಬೇರೆ ಜಿಲ್ಲೆಗೆ ಹೋಯಿತು. ನಾನೂ ಬೇರೆ ಕೆಲಸಕ್ಕೆ ಹೋದೆ. ಫೋನಿನಲ್ಲಿ ಆಗೊಮ್ಮೆ ಈಗೊಮ್ಮೆ ಮಂಜುಳ ಸಿಗುತ್ತಿದ್ದಳು, ಆಮೇಲೆ ಅದೂ ನಿಂತಿತು.

ಈ ಸಲ ಹೋದಾಗ ಮನೆಯ ಬಾಗಿಲು ತೆರೆದಿತ್ತು. ಜಗಲಿಯ ಮೇಲೆ ದೊಡ್ಡತಾಯಮ್ಮ ಕೂತಿದ್ದಳು, ಇನ್ನೂ ಕಡ್ಡಿಯಾಗಿದ್ದಳು. ಎದುರಿಗೆ ಪಕ್ಕದ ಮನೆಯ ಮುದುಕರೊಬ್ಬರು ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಗೋಡೆಯ ಮೇಲೆ ಅದೇ ಹಾಳೆ. ಪ್ಲಾಸ್ಟಿಕ್ ಹಳದಿಗಟ್ಟಿತ್ತು, ಚೌಕದ ಗೆರೆಗಳು ಮಾತ್ರ ಒರೆಸಿಟ್ಟ ಹಾಗೆ ಸ್ವಚ್ಛ. ಕೆಳಗಿನ ಸುತ್ತಿನಲ್ಲಿ ಅವತ್ತಿನ ಕುಂಕುಮ ಇತ್ತು. ದೇವರ ಗೂಡಿನಿಂದ ಯಾಕೆ ಆಚೆ ತಂದೆ ಅಂದೆ. ಕೇರಿಯವರೆಲ್ಲ ಬರುತ್ತಾರೆ, ಒಳಗೆ ಸಾಲು ನಿಲ್ಲಿಸಲು ಜಾಗವಿಲ್ಲ ಅಂದಳು. ನನ್ನ ದನಿ ಕೇಳುವ ಮೊದಲೇ ಮುಖ ನೋಡಿ ಗುರುತು ಹಿಡಿದಿದ್ದಳು. ನೆಟ್ಟಗೆ, ಮೂಗಿನ ಮೇಲೇ ಕಣ್ಣಿಟ್ಟು ನೋಡಿದಳು.

ಮಂಜುಳ ಕಾಫಿ ತಂದಳು. ಡಾಕ್ಟರ ವಿಷಯ ಕೇಳಿದರು, ಈಗಲೂ ಹೆಸರು ಕೂಗಿಯೇ ಚಿತ್ರ ತೆರೆಯುತ್ತಾರೆ ಅಂದೆ. ಮಾತಿನ ನಡುವೆ ಅವ್ವನ ವಿಷಯ ನನ್ನ ಬಾಯಿಂದ ತಾನಾಗಿ ಬಂತು. ಹತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಅವಳು ಓರೆ ನೋಡುತ್ತಿದ್ದದ್ದು, ನಾನು ಗದರಿದ್ದು ಎಲ್ಲ ಹೇಳಿದೆ. ದೊಡ್ಡತಾಯಮ್ಮ ನನ್ನ ಕಡೆ ತಿರುಗಿ ಕೂತಳು.

“ನಿಂಗೆಷ್ಟು ವಯ್ಸು ಈಗ?”

ಐವತ್ತೆರಡು ಅಂದೆ.

“ಈ ಹಾಳೆ ನೀನು ನೋಡಿದ್ದೀಯಾ?”

ನೂರಾರು ಜನಕ್ಕೆ ತೋರಿಸಿದ್ದೇನೆ, ಕಟ್ಟುಗಟ್ಟಲೆ ಹಂಚಿದ್ದೇನೆ. ನನ್ನ ಕಣ್ಣಿಗೆ ಅಂತ ಒಂದು ಸಲವೂ ಹಿಡಿದಿರಲಿಲ್ಲ. ಹೆದರಿಕೆ. ಅವ್ವನಿಗೆ ಬಂದದ್ದು ಮಕ್ಕಳಿಗೂ ಬರಬಹುದು ಅಂತ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಏನೋ ಗೊಣಗಿ, 'ನನಗೆಲ್ಲ ಸರಿಯಾಗಿದೆ ಅಜ್ಜಿ, ಬಸ್ಸಿಗೆ ಹೊತ್ತಾಯಿತು' ಅಂತ ಏಳಲು ಹೋದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. ಮುದುಕರನ್ನು ಆಚೆ ಸರಿಯಲು ಹೇಳಿ, ಹೆಬ್ಬೆರಳಿನಿಂದ ಹಾಳೆಯ ಮೇಲಿನ ಧೂಳು ಒರೆಸಿದಳು.

“ಎಡಗಣ್ಣು ಮುಚ್ಕೊ. ಬಿರ್ರನೆ ಯೋಳ್ಬ್ಯಾಡ, ನೋಡಿ ಯೋಳು.”

ಮುಚ್ಚಿಕೊಂಡೆ. ನಡುವಿನ ಚುಕ್ಕೆಯ ಮೇಲೆ ಕಣ್ಣಿಟ್ಟೆ. ಮೇಲಿನ ಗೆರೆ, ಕೆಳಗಿನ ಗೆರೆ, ಅಡ್ಡ, ಉದ್ದ, ಒಂದೊಂದಾಗಿ ನೋಡಿದೆ. ಎಲ್ಲ ನೆಟ್ಟಗೆ ನಿಂತಿದ್ದವು.

“ನೆಟ್ಟಗದೆ ಅಜ್ಜಿ” ಅಂದೆ, ಉಸಿರು ಬಿಟ್ಟು.

“ಸರಿ” ಅಂದಳು. “ಈಗ ಇನ್ನೊಂದು ಕಣ್ಣು.”